ಹೆಣದ ಬಂಡಿಗೆ ನಂಬರು

ಕಿಡಿಯಪ್ಪನ ಹೆಂಡತಿ ಮಣ್ಣಿಗೆ ಹೋದದ್ದು ಜಲ್ಲಿ ಹೊರುವ ಟಿಪ್ಪರಿನಲ್ಲಿ.

ಬೇರೆ ದಾರಿ ಇರಲಿಲ್ಲ. ಮೊದಲು ಕಲ್ಲುಗಣಿಯ ಕೇರಿಗೆ ತಾಗಿಯೇ ಮಸಣವಿತ್ತು. ಅದರ ಅಡಿಯಲ್ಲಿ ಒಳ್ಳೆಯ ಕಲ್ಲಿದೆ ಎಂಬುದು ಗಣಿಯ ಧಣಿಗೆ ಗೊತ್ತಾದ ವರ್ಷ ಸತ್ತವರನ್ನೂ ಒಕ್ಕಲೆಬ್ಬಿಸಿದರು. ಹೊಸ ಮಸಣ ಹೆದ್ದಾರಿಯ ಆಚೆ, ಎಂಟು ಮೈಲಿ ದೂರ. ಹೊತ್ತುಕೊಂಡು ಹೋಗಿ ಬರಲು ಇಡೀ ದಿನ ಬೇಕು. ಸಾವಿಗೆಂದು ಧಣಿ ಕೊಡುತ್ತಿದ್ದ ಬಿಡುವು ಊಟದ ಹೊತ್ತಿನದು ಮಾತ್ರ. ಪೇಟೆಯ ಆಸ್ಪತ್ರೆಯ ವ್ಯಾನು ಕೇರಿಯ ಹೊಂಡದ ದಾರಿಗೆ ಇಳಿಯುತ್ತಿರಲಿಲ್ಲ. ಹಾಗಾಗಿ ಸತ್ತವರೆಲ್ಲ ಟಿಪ್ಪರ್ ಏರುತ್ತಿದ್ದರು. ಬದುಕಿದ್ದಷ್ಟು ದಿನ ಅದಕ್ಕೆ ಕಲ್ಲು ತುಂಬಿ, ಕೊನೆಗೊಂದು ದಿನ ತಾವೇ ತುಂಬಿಕೊಳ್ಳುತ್ತಿದ್ದರು.

ಅಂದು ಡ್ರೈವರ್ ಗಾಡಿಯನ್ನು ಹಿಮ್ಮುಖವಾಗಿ ತಂದು ಗುಂಡಿಯ ಪಕ್ಕ ನಿಲ್ಲಿಸಿದ. ಇಪ್ಪತ್ತು ವರ್ಷಗಳಿಂದ, ಗಾಡಿಯನ್ನು ಹಾಗೆ ತಂದು ನಿಲ್ಲಿಸಿದೊಡನೆ ಅವನ ಬಲಗೈ ಮಾಡುತ್ತಿದ್ದ ಕೆಲಸ ಒಂದೇ. ಅಂದೂ ಅದನ್ನೇ ಮಾಡಿತು. ತೊಟ್ಟಿ ಮೇಲೆದ್ದಿತು. ಕಿಡಿಯಪ್ಪನ ಹೆಂಡತಿ ಕಲ್ಲುಪುಡಿಯ ಜೊತೆ ಜಾರಿ ನೆಲಕ್ಕೆ ಬಿದ್ದಳು.

ಡ್ರೈವರ್ ಇಳಿದು ಬಂದು ತಲೆ ಚಚ್ಚಿಕೊಂಡು ಅತ್ತ. ಕಿಡಿಯಪ್ಪ ಅವನನ್ನು ಬೈಯಲಿಲ್ಲ. ಅಂಗಿ ಬಿಚ್ಚಿ ಹೆಂಡತಿಯ ಮುಖ ಒರೆಸಿದ. ಬಾಯಿಗೆ ಹೊಕ್ಕ ಪುಡಿಯನ್ನು ಬೆರಳಿನಿಂದ ತೆಗೆದ. ಮಣ್ಣು ಹಾಕುವಾಗ ದೇವರಿಗೆ ಒಂದೇ ಮಾತು ಹೇಳಿಕೊಂಡ: ಇನ್ನು ನನ್ನ ಕೇರಿಯ ಯಾರನ್ನೂ ನಿನ್ನ ಬಾಗಿಲಲ್ಲಿ ಹೀಗೆ ಸುರಿಯುವುದಕ್ಕೆ ಬಿಡುವುದಿಲ್ಲ.

ಕಿಡಿಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಗಣಿಯ ಬಾಯಲ್ಲಿ ತಗಡಿನ ಮಾಡಿನ ಕೆಳಗೆ ನಲವತ್ತು ವರ್ಷ ಬೆಸುಗೆ ಹಾಕಿದವನಿಗೆ ಕೇರಿ ಕೊಟ್ಟ ಹೆಸರು. ಅವನ ಮುಂಗೈ ತುಂಬ ಕಿಡಿ ಬಿದ್ದ ಕಲೆಗಳು. ಮಾತು ಕಡಿಮೆ. ಮನೆಯಲ್ಲಿ ಮಾತನಾಡುವ ಕೆಲಸವನ್ನು ಅವನ ಅಕ್ಕ ವಹಿಸಿಕೊಂಡಿದ್ದಳು. ಅಕ್ಕ ಸೂಲಗಿತ್ತಿ. ಕೇರಿಯ ಮುಕ್ಕಾಲು ಪಾಲು ಜನ ಮೊದಲು ಅತ್ತದ್ದು ಅವಳ ಅಂಗೈಯಲ್ಲಿ. ಕಲ್ಲುಪುಡಿ ಕುಡಿದು ಕುಡಿದು ಅವಳ ಎದೆ ಒಡಕು ತಿದಿಯಂತೆ ಸದ್ದು ಮಾಡುತ್ತಿತ್ತು. ಆದರೂ ನಾಲಿಗೆಗೆ ಏನೂ ಆಗಿರಲಿಲ್ಲ.

ಗಣಿಯ ಕೆಲಸ ಮುಗಿದ ಮೇಲೆ, ಬೆಳಕಿರುವ ತನಕ, ಕಿಡಿಯಪ್ಪ ಬಂಡಿ ಕಟ್ಟಿದ. ಇಂಜಿನ್ನಿಲ್ಲದ, ಯಾವ ವಾಹನದ ಹಿಂದೆ ಬೇಕಾದರೂ ಕೊಂಡಿ ಹಾಕಿ ಎಳೆಯಬಹುದಾದ ಎರಡು ಗಾಲಿಯ ಟ್ರೈಲರ್. ಉದ್ದ, ಕೇರಿಯಲ್ಲೇ ಎತ್ತರದ ಆಳು ಕಾಲು ಚಾಚಿ ಮಲಗುವಷ್ಟು. ಎತ್ತರ, ಹೆಂಗಸರೇ ನಿಂತು ಹೆಣ ಇಳಿಸಬಹುದಾದಷ್ಟು. ಹಳೆಯ ಕಾರೊಂದರ ಸ್ಪ್ರಿಂಗ್ ಪಟ್ಟಿ ತಂದು ಕೂರಿಸಿದ. ಬಡಗಿ ತನ್ನ ಮನೆಯ ಹಿಂಬಾಗಿಲನ್ನೇ ಕಿತ್ತು ಹಲಗೆ ಮಾಡಿ ಕೊಟ್ಟ. ಪಂಚರ್ ಅಂಗಡಿಯವನು ಗಾಲಿ ಕೊಟ್ಟ. ಮೂಲೆಗಳನ್ನೆಲ್ಲ ಕಿಡಿಯಪ್ಪ ಉಜ್ಜಿ ಉಜ್ಜಿ ದುಂಡಗೆ ಮಾಡಿದ. ಹೊದಿಸಿದ ಬಟ್ಟೆ ಎಲ್ಲೂ ಸಿಕ್ಕಿ ಹರಿಯಬಾರದು ಎಂಬುದು ಅವನ ಹಟ.

ಮುಗಿದ ದಿನ ಅಕ್ಕ ತಾನೇ ಹತ್ತಿ ಮಲಗಿಬಿಟ್ಟಳು. ಎದೆಯ ಮೇಲೆ ನೀರು ತುಂಬಿದ ಚೊಂಬು ಇಟ್ಟುಕೊಂಡಳು. ತರಕಾರಿಯವನ ಹಳೆಯ ಜೀಪಿಗೆ ಕಟ್ಟಿ ಕೇರಿಯ ಹೊಂಡಗಳ ಮೇಲೆಲ್ಲ ಎಳೆದರು. ಚೊಂಬಿನ ನೀರು ಒಂದು ತೊಟ್ಟೂ ಚೆಲ್ಲಲಿಲ್ಲ.

"ಚೆನ್ನಾಗಿದೆ ಕಣೋ ತಮ್ಮಾ," ಎಂದಳು ಅಕ್ಕ ಇಳಿಯುತ್ತ. "ಇಷ್ಟು ಸುಖ ಬದುಕಿದ್ದಾಗ ಎಲ್ಲಿತ್ತು. ಇನ್ನು ಸಾಯೋಕೆ ನನ್ನದೇನೂ ತಕರಾರಿಲ್ಲ."

ಬಂಡಿ ಮೊದಲ ಸಲ ಹೊರಟದ್ದು ಕಲ್ಲು ಬಿದ್ದು ಸತ್ತ ಒಬ್ಬ ಮುದುಕನನ್ನು ಹೊತ್ತು. ಹೆದ್ದಾರಿಯಲ್ಲಿ ಪೊಲೀಸರು ತಡೆದರು. ಹಿಂದೆ ನಂಬರಿಲ್ಲ, ಕಾಗದವಿಲ್ಲ. ಹೆಣ ಕಂಡು ಆ ಸಲಕ್ಕೆ ಬಿಟ್ಟರು. ನೋಂದಣಿ ಮಾಡಿಸದೆ ಇನ್ನೊಮ್ಮೆ ರಸ್ತೆಗೆ ತಂದರೆ ಹೆಣವನ್ನು ಕೆಳಗಿಳಿಸಿ ಬಂಡಿ ಎಳೆದೊಯ್ಯುತ್ತೇವೆ ಎಂದರು. ಕಿಡಿಯಪ್ಪ ಕಾನೂನಿಗೆ ಹೆದರುವ ಮನುಷ್ಯ. ಮರುದಿನವೇ ತೊಳೆದ ಅಂಗಿ ತೊಟ್ಟು ಪೇಟೆಯ ವಾಹನ ಕಚೇರಿಗೆ ಹೋದ.

ಆ ಕಚೇರಿಯ ವಿಷಯ ಏನೆಂದು ಹೇಳುವುದು. ಗೋಡೆಗೆ ಬಣ್ಣ, ಮೇಲೆ ಫ್ಯಾನು, ಮೂಲೆಯಲ್ಲಿ ಕಡತಗಳ ಗುಡ್ಡೆ. ಒಳಗೆ ಹೋದವರು ಸಾಲಿನಲ್ಲಿ ನಿಲ್ಲಬೇಕು. ಸಾಲು ಮುಗಿದ ಕಡೆ ಒಂದು ಕಿಂಡಿ, ಕಿಂಡಿಯ ಹಿಂದೆ ಒಬ್ಬ ಗುಮಾಸ್ತ. ದೇವರು ಬಾಗಿಲು ತೆರೆದಿಟ್ಟು ಕೂರುತ್ತಾನೆ. ಮನುಷ್ಯ ಕುರ್ಚಿ ಸಿಕ್ಕಿದ ಕೂಡಲೇ ಬಾಗಿಲು ಮುಚ್ಚಿ ಕಿಂಡಿ ಕೊರೆಸಿಕೊಳ್ಳುತ್ತಾನೆ.

ಗುಮಾಸ್ತ ಅರ್ಜಿ ತಿರುವಿ ಹಾಕಿ ಕೇಳಿದ:

"ಯಾರಿಂದ ಕೊಂಡೆ?"

"ಕೊಂಡಿಲ್ಲ ಸ್ವಾಮಿ. ನಾನೇ ಕಟ್ಟಿದ್ದು."

"ಕೊಳ್ಳದೆ ನಿನ್ನದು ಹೇಗಾಯ್ತು?"

ತಾನು ಕಟ್ಟಿದ್ದು ತನ್ನದು ಎಂದು ಕಿಡಿಯಪ್ಪ ಅಷ್ಟು ವರ್ಷ ಸುಮ್ಮನೆ ನಂಬಿಕೊಂಡಿದ್ದ. ಮಾರಿದವನ ಪತ್ರವಿಲ್ಲದೆ ಮಾಲೀಕನೆಂಬವನು ಹುಟ್ಟುವುದೇ ಇಲ್ಲ ಎಂದು ಗುಮಾಸ್ತ ತಿಳಿಸಿ ಹೇಳಿದ. ಕೊನೆಗೆ ಅವನೇ ಉಪಾಯವನ್ನೂ ಹೇಳಿಕೊಟ್ಟ. ಕಿಡಿಯಪ್ಪ ಬಂಡಿಯನ್ನು ಕಿಡಿಯಪ್ಪನಿಗೇ ಮಾರಿದ ಹಾಗೆ ಪತ್ರ ಬರೆಯಬೇಕು. ಆದರೆ ಎರಡು ಕಡೆಯೂ ಒಂದೇ ಸಹಿ ಇದ್ದರೆ ಮೇಲಿನವರು ಒಪ್ಪುವುದಿಲ್ಲ. ಆದ್ದರಿಂದ ಮಾರಿದ ಕಿಡಿಯಪ್ಪ ಸಹಿ ಹಾಕಿದ, ಕೊಂಡ ಕಿಡಿಯಪ್ಪ ಹೆಬ್ಬೆಟ್ಟು ಒತ್ತಿದ. ಗುಮಾಸ್ತನಿಗೆ ಸಮಾಧಾನವಾಯಿತು. ಮಾರುವವನು ಓದಿದವನು, ಕೊಳ್ಳುವವನು ಓದದವನು. ಲೋಕದ ವ್ಯಾಪಾರವೆಲ್ಲ ನಡೆಯುತ್ತಿರುವುದೂ ಹಾಗೆಯೇ ಅಲ್ಲವೆ.

ಆಮೇಲೆ ಬಿಡಿಭಾಗಗಳ ರಸೀದಿ ಕೇಳಿದರು. ಹಲಗೆ ಎಲ್ಲಿಯದು ಎಂದರೆ ಬಡಗಿಯ ಮನೆಯ ಬಾಗಿಲು. ಬಾಗಿಲಿಗೆ ರಸೀದಿ ಎಲ್ಲಿ ಎಂದರು. ಬಡಗಿ ಒಂದು ದಿನದ ಕೆಲಸ ಬಿಟ್ಟು ಬಂದು, ಬಾಗಿಲಿಲ್ಲದ ತನ್ನ ಮನೆಯ ಬಗ್ಗೆ ಸಾಕ್ಷಿ ಹೇಳಿ ಹೋದ. ಇದೆಲ್ಲ ಆಗಿ ಕಡತ ತಪಾಸಣೆ ಅಧಿಕಾರಿಯ ಮೇಜು ಸೇರುವಷ್ಟರಲ್ಲಿ ಮೂರು ತಿಂಗಳಾಯಿತು.

ಅಧಿಕಾರಿ ಸಣ್ಣ ಪ್ರಾಯದವನು. ದುಂಡಗಿನ ಮುಖ, ದುಂಡಗಿನ ಅಕ್ಷರ. ಬಂಡಿಯ ಸುತ್ತ ಒಂದು ಸುತ್ತು ಬಂದು, ಇದು ಸರಕಿನ ವರ್ಗವೋ ಪ್ರಯಾಣಿಕರ ವರ್ಗವೋ ಎಂದು ಕೇಳಿದ. ಹೆಣ ಒಯ್ಯುವುದಕ್ಕೆ ಎಂದ ಕಿಡಿಯಪ್ಪ. ನಮೂನೆಯಲ್ಲಿ ಹೆಣಕ್ಕೆ ಕಾಲಂ ಇರಲಿಲ್ಲ. ಪ್ರಯಾಣಿಕನೆಂದರೆ ಕೂರುವ ಸೀಟು, ಸೊಂಟಕ್ಕೆ ಪಟ್ಟಿ ಇರಬೇಕು. ಸರಕೆಂದರೆ ಕಳಿಸುವವರು, ಪಡೆಯುವವರು ಇಬ್ಬರ ಹೆಸರೂ ಬೇಕು.

"ಕಳಿಸೋರು ನಾವು ಸ್ವಾಮಿ," ಎಂದ ಕಿಡಿಯಪ್ಪ. "ಪಡೆಯೋನು ದೇವರು."

ಅಧಿಕಾರಿ ಪೆನ್ನು ಎತ್ತಿ ಹಿಡಿದುಕೊಂಡೇ ಕೇಳಿದ: "ಪಡೆಯೋರ ವಿಳಾಸ?"

ಅವನು ತಮಾಷೆ ಮಾಡುತ್ತಿರಲಿಲ್ಲ. ಅದೇ ದೊಡ್ಡ ತಮಾಷೆ. ಒಂದು ವಾರ ಯೋಚಿಸಿ ಅಧಿಕಾರಿ ಬಂಡಿಯನ್ನು 'ಬೇಗ ಕೆಡುವ ಸರಕು' ಎಂಬ ವರ್ಗಕ್ಕೆ ಸೇರಿಸಿದ. ಹಾಲು, ಮೀನು, ಹಣ್ಣುಗಳ ಜೊತೆಗೆ ಕಲ್ಲುಗಣಿಯ ಕೇರಿಯೂ ಸೇರಿತು. ಕಿಡಿಯಪ್ಪ ಮನೆಗೆ ಬಂದು ಹೇಳಿದಾಗ ಅಕ್ಕ ಕೆಮ್ಮಿ ಕೆಮ್ಮಿ ನಕ್ಕಳು.

"ವಿಳಾಸ ಕೇಳಿದರೆ ಆ ಕಚೇರಿಯದ್ದೇ ಬರೆಸಬೇಕಿತ್ತು. ಅಲ್ಲಿಗೆ ಹೋದೋರೂ ತಿರುಗಿ ಬರಲ್ಲ."

ಆ ಮಧ್ಯೆ ಕೇರಿಯಲ್ಲಿ ಮೂವರು ಸತ್ತರು. ಬಂಡಿ ಕಣ್ಣೆದುರಿಗೆ ನಿಂತಿರುವಾಗಲೇ ಮೂವರೂ ಟಿಪ್ಪರಿನಲ್ಲಿ ಹೋದರು. ಒಂದೊಂದು ಸಲವೂ ಕಿಡಿಯಪ್ಪ ಡ್ರೈವರ್ ಪಕ್ಕದಲ್ಲಿ ಕೂತು, ಮಸಣ ಬರುವ ಹೊತ್ತಿಗೆ ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ಡ್ರೈವರ್ ಸುಮ್ಮನೆ ಹಿಡಿಸಿಕೊಳ್ಳುತ್ತಿದ್ದ.

ಕೊನೆಗೂ ನಂಬರು ಹೊಡೆಯುವ ದಿನ ಬಂತು. ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿಗಳಿಗೆ ಹುಟ್ಟುವಾಗಲೇ ನಂಬರಿರುತ್ತದೆ. ಮನೆಯಲ್ಲಿ ಹುಟ್ಟಿದ್ದಕ್ಕೆ ಕಚೇರಿಯೇ ಒಂದು ನಂಬರು ಕೊಟ್ಟು, ಅದನ್ನು ಚಾಸಿಯ ಕಬ್ಬಿಣಕ್ಕೆ ಕೊರೆಸಬೇಕು. ಕಚೇರಿಯ ಅಟೆಂಡರ್ ಉಕ್ಕಿನ ಅಚ್ಚುಗಳನ್ನೂ ಸುತ್ತಿಗೆಯನ್ನೂ ತಂದು ಒಂದೊಂದೇ ಅಂಕಿಯನ್ನು ಕುಟ್ಟಿದ. ಸುತ್ತಿಗೆ ಹಿಡಿದು ಅಭ್ಯಾಸವಿಲ್ಲದ ಕೈ. ಅಂಕಿಗಳು ಸೊಟ್ಟಗೆ ಬಂದವು. ಕಬ್ಬಿಣ ಅಂಚಿನಲ್ಲೆಲ್ಲ ಮುಳ್ಳುಮುಳ್ಳಾಗಿ ಎದ್ದಿತು. ಅಧಿಕಾರಿ ಅಂದು ರಜೆ. ಮರುದಿನ ತನ್ನಿ, ನಂಬರು ನೋಡಿ ಸಹಿ ಹಾಕಿ ಪುಸ್ತಕ ಕೊಡುತ್ತಾರೆ ಎಂದರು.

ಕಿಡಿಯಪ್ಪ ಬಂಡಿಯನ್ನು ಕೇರಿಗೆ ತಂದ. ನಾಳೆ ದೊಡ್ಡವರ ಎದುರು ನಿಲ್ಲಿಸಬೇಕು. ಗಾಲಿ ತೊಳೆದ, ಹಲಗೆ ಒರೆಸಿದ. ಬೆಸುಗೆಯವರಿಗೆಲ್ಲ ಒಂದು ಅಭ್ಯಾಸವಿದೆ. ಕೆಲಸ ಮುಗಿಸಿ ಕಳಿಸುವ ಮೊದಲು ಕಣ್ಣು ಮುಚ್ಚಿ ಅಂಗೈಯನ್ನು ಕಬ್ಬಿಣದ ಮೇಲೆ ಉದ್ದಕ್ಕೂ ಸವರುತ್ತಾರೆ. ಕಣ್ಣಿಗೆ ಕಾಣದ್ದು ಅಂಗೈಗೆ ಸಿಗುತ್ತದೆ. ಕಿಡಿಯಪ್ಪ ಸವರಿದ. ಒಂದು ಕಡೆ ಮುಳ್ಳು ಚುಚ್ಚಿತು. ಬಟ್ಟೆ ಇಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಅವನ ಕೈಗೆ ಅನಿಸಿತು. ಅನಿಸಿದ್ದು ಕೈಗೆ, ತಲೆಗಲ್ಲ. ಅದೇ ಕೈ ಪಕ್ಕದಲ್ಲಿದ್ದ ಗ್ರೈಂಡರ್ ಎತ್ತಿಕೊಂಡಿತು. ಎರಡು ಸಲ ಆ ಕಡೆ, ಎರಡು ಸಲ ಈ ಕಡೆ. ಮೇಲೊಂದು ಕೋಟು ಕಪ್ಪು ಬಣ್ಣ. ಮತ್ತೆ ಸವರಿ ನೋಡಿದ. ಈಗ ಮಗುವಿನ ಕೆನ್ನೆಯ ಹಾಗಿತ್ತು.

ಮರುದಿನ ಅಧಿಕಾರಿ ಬಗ್ಗಿ ನೋಡಿದ. ಕುಳಿತು ನೋಡಿದ. ಟಾರ್ಚ್ ತರಿಸಿ ನೋಡಿದ. ನಂಬರಿಲ್ಲ.

"ಎಲ್ಲಿ ನಂಬರು?"

ಆಗ ಕಿಡಿಯಪ್ಪನಿಗೆ ತಾನೇನು ಮಾಡಿದ್ದೇನೆಂದು ಹೊಳೆಯಿತು. ತನ್ನ ಬಲಗೈಯನ್ನೇ ನೋಡುತ್ತ ನಿಂತ.

"ಉಜ್ಜಿಬಿಟ್ಟೆ ಸ್ವಾಮಿ. ಮುಳ್ಳೆದ್ದಿತ್ತು."

"ನಂಬರ್ ಉಜ್ಜೋರು ಯಾರು ಗೊತ್ತಾ? ಗಾಡಿ ಕಳ್ಳರು."

"ಕಳ್ಳ ಆಗಿದ್ರೆ ಉಜ್ಜಿದ ಬಂಡೀನ ನಿಮ್ಮ ಬಾಗಿಲಿಗೇ ಯಾಕೆ ತರ್ತಿದ್ದೆ ಸ್ವಾಮಿ?"

ಅದಕ್ಕೆ ನಮೂನೆಯಲ್ಲಿ ಕಾಲಂ ಇರಲಿಲ್ಲವೇನೋ, ಅಧಿಕಾರಿ ಅದನ್ನು ಬರೆದುಕೊಳ್ಳಲಿಲ್ಲ. ಇನ್ನೊಮ್ಮೆ ಹೊಡೆಸಿ ಕೊಡಿ ಎಂದು ಕಿಡಿಯಪ್ಪ ಕೈಮುಗಿದ. ಅದೇ ನಂಬರನ್ನು ಎರಡನೆಯ ಸಲ ಹೊಡೆಯುವಂತಿಲ್ಲ, ಹೊಡೆದಾಗಿದೆ ಎಂದು ಕಡತದಲ್ಲಿದೆ. ಹೊಸ ನಂಬರು ಕೊಡಬೇಕಾದರೆ ಹೊಸ ಕಡತ ಬೇಕು. ಹೊಸ ಕಡತ ತೆರೆಯಬೇಕಾದರೆ ಈ ಬಂಡಿ ಎಲ್ಲಿಂದ ಬಂತು ಎಂಬುದು ತಿಳಿಯಬೇಕು. ನಂಬರು ಅಳಿಸಿದ ಬಂಡಿ ಎಲ್ಲಿಂದ ಬಂತೆಂದು ಯಾರಿಗೆ ತಾನೆ ಗೊತ್ತು? ಹೀಗೆ ಅಧಿಕಾರಿ ತನ್ನ ದುಂಡಗಿನ ಅಕ್ಷರದಲ್ಲಿ ಬರೆದು, ಬಂಡಿಯನ್ನು ಜಪ್ತಿ ಮಾಡಿ, ಕಚೇರಿಯ ಹಿಂದಿನ ಅಂಗಳದಲ್ಲಿ ನಿಲ್ಲಿಸಿದ.

ಕಿಡಿಯಪ್ಪ ಬಿಡುವು ಸಿಕ್ಕಾಗಲೆಲ್ಲ ಹೋಗಿ ಗೇಟಿನ ಸರಳು ಹಿಡಿದು ನಿಲ್ಲುತ್ತಿದ್ದ. ಬಂಡಿಯ ಮೇಲೆ ಎಲೆ ಬೀಳುತ್ತಿತ್ತು, ಹಕ್ಕಿ ಹೇಲುತ್ತಿತ್ತು. ಒರೆಸಲು ಒಳಗೆ ಬಿಡುತ್ತಿರಲಿಲ್ಲ. ಒಂದು ದಿನ ಹೋದಾಗ ಬಂಡಿ ಇರಲಿಲ್ಲ. ವಾರಸುದಾರರಿಲ್ಲದ ವಾಹನಗಳ ಹರಾಜಿನಲ್ಲಿ ಹೋಯಿತು ಎಂದರು. ವಾರಸುದಾರ ನಾನು ಇಲ್ಲೇ ಗೇಟಿನಲ್ಲಿ ನಿಂತಿದ್ದೆನಲ್ಲ ಎಂದ ಅವನು. ವಾರಸುದಾರನೆಂದು ಹೇಳಿಕೊಳ್ಳಲು ನೋಂದಣಿ ಪುಸ್ತಕ ತೋರಿಸಬೇಕು ಎಂದರು. ಪುಸ್ತಕ ಕೊಡಬೇಕಾಗಿದ್ದವರು ಅವರೇ.

ಹರಾಜಿನಲ್ಲಿ ಕೊಂಡವನು ಗಣಿಯ ಧಣಿ.

ಧಣಿ ಕಚೇರಿಗೆ ಹೋಗಲಿಲ್ಲ. ಅವನ ಮ್ಯಾನೇಜರ್ ಹೋದ. ಬೆಳಿಗ್ಗೆ ಕೊಟ್ಟ ಕಾಗದ ಊಟದ ಹೊತ್ತಿಗೆ ಪುಸ್ತಕವಾಗಿ ಬಂತು. ತಯಾರಕರು ಎಂಬ ಕಡೆ ಧಣಿಯ ಗಣಿ ಕಂಪನಿಯ ಹೆಸರು. ಯಾರಿಂದ ಕೊಂಡಿರಿ, ಬಾಗಿಲಿಗೆ ರಸೀದಿ ಎಲ್ಲಿ, ಪಡೆಯುವವರ ವಿಳಾಸವೇನು ಎಂದು ಯಾರೂ ಕೇಳಲಿಲ್ಲ. ವರ್ಗ ಎಂಬ ಕಡೆ ಅದೇ ಅಧಿಕಾರಿ ಅದೇ ದುಂಡಗಿನ ಅಕ್ಷರದಲ್ಲಿ 'ಧರ್ಮಸೇವೆ' ಎಂದು ಬರೆದಿದ್ದ. ಹೆಣದ ಬಂಡಿಗೆ ಕಾಲಂ ಇರಲಿಲ್ಲ, ಧಣಿಯ ಧರ್ಮಕ್ಕೆ ಇತ್ತು. ಬಂಡಿಗೆ ಬಿಳಿ ಬಣ್ಣ ಬಳಿದರು. ಎರಡೂ ಮಗ್ಗುಲಿಗೆ, ದೂರದಿಂದಲೇ ಕಾಣುವ ಹಾಗೆ, ಕಾರ್ಮಿಕ ಬಂಧುಗಳಿಗೆ ಪ್ರೀತಿಯ ಕಾಣಿಕೆ ಎಂದು ಬರೆಸಿ ಕೆಳಗೆ ಧಣಿಯ ಹೆಸರು ಹಾಕಿಸಿದರು. ಸತ್ತವರ ಗೋರಿಯಡಿಯ ಕಲ್ಲನ್ನು ಜಲ್ಲಿ ಮಾಡಿ ಮಾರಿದ ಕೈ ಈಗ ಸತ್ತವರಿಗೆ ವಾಹನ ದಾನ ಮಾಡಲು ಎದ್ದಿತು. ಅಂಥ ಕೈಗಳನ್ನು ದೇವರು ಯಾವ ಮಣ್ಣಿನಿಂದ ಮಾಡುತ್ತಾನೋ, ಅವನನ್ನೇ ಕೇಳಬೇಕು.

ದಾನವೆಂದ ಮೇಲೆ ಉದ್ಘಾಟನೆ ಆಗಬೇಕು. ಪತ್ರಿಕೆಯವರು ಬರುತ್ತಾರೆ, ಚಿತ್ರ ತೆಗೆಯುತ್ತಾರೆ. ಖಾಲಿ ಬಂಡಿಯ ಚಿತ್ರ ಏನು ಚೆನ್ನ. ಉದ್ಘಾಟನೆಗೆ ಒಂದು ಹೆಣ ಬೇಕಿತ್ತು. ನೋಡಿ, ಕೇರಿಯವರ ಸ್ವಭಾವವೇ ಹಾಗೆ, ಬೇಡವಾದಾಗ ಸಾಲಾಗಿ ಸಾಯುತ್ತಾರೆ, ಬೇಕಾದಾಗ ಒಬ್ಬರೂ ಸಾಯುವುದಿಲ್ಲ. ಮ್ಯಾನೇಜರ್ ಕೇರಿಯಲ್ಲಿ ಯಾರಿಗೆ ಹುಷಾರಿಲ್ಲವೆಂದು ವಿಚಾರಿಸತೊಡಗಿದ. ಅಕ್ಕ ಹಾಸಿಗೆ ಹಿಡಿದಿದ್ದಾಳೆಂಬ ಸುದ್ದಿ ಸಿಕ್ಕಿತು. ಕಿತ್ತಳೆ ಹಣ್ಣು ತಗೊಂಡು ಬಂದ. ಮರುದಿನವೂ ಬಂದ. ನಾಲ್ಕನೆಯ ದಿನ ಅಕ್ಕ ಅವನನ್ನು ಹತ್ತಿರ ಕರೆದಳು.

"ಮಗಾ, ನೀನು ಹುಟ್ಟಿದ್ದು ಎಲ್ಲಿ?"

"ಪೇಟೆ ಆಸ್ಪತ್ರೇಲಿ ಅಮ್ಮ."

"ಅದಕ್ಕೇ. ನನ್ನ ಕೈಯಲ್ಲಿ ಹುಟ್ಟಿದ್ರೆ ಒಂದು ಏಟು ಕೊಟ್ಟು ಅಳಿಸ್ತಿದ್ದೆ, ಸ್ವಲ್ಪ ಕರುಳು ಬರ್ತಿತ್ತು. ದಿನಾ ಬಂದು ನನ್ನ ಉಸಿರು ಎಣಿಸ್ತೀಯಲ್ಲ, ನಿನ್ನ ಧಣಿಗೆ ಹೇಳು, ಅವನಿಗೆ ಅವಸರ ಇದ್ರೆ ಅವನೇ ಮಲಗಲಿ. ಬಂಡಿ ಉದ್ದ ಸಾಕಾಗುತ್ತೆ. ನನ್ನ ತಮ್ಮ ಅಳತೆ ನೋಡೇ ಕಟ್ಟಿದಾನೆ."

ಮ್ಯಾನೇಜರ್ ಹಣ್ಣಿನ ಚೀಲ ಇಟ್ಟು ಹೊರಟುಹೋದ. ಅಂದಿನಿಂದ ಅಕ್ಕ ಹಣ್ಣು ಮುಟ್ಟಲಿಲ್ಲ. ಅಕ್ಕಪಕ್ಕದ ಮಕ್ಕಳನ್ನು ಕರೆದು ಹಂಚಿದಳು. ತಮ್ಮನನ್ನು ಕೂರಿಸಿಕೊಂಡು ಒಂದು ಮಾತು ಹೇಳಿದಳು. ನನ್ನನ್ನು ಒಯ್ಯಲು ಧಣಿಯ ಬಂಡಿ ಬೇಡ ಎಂದು ನೀನು ಹಟ ಹಿಡಿಯಬೇಡ, ಆ ಬಂಡಿ ನಮ್ಮದು, ಅದರಲ್ಲಿ ನಾನು ಹೋಗಬೇಕು ಎಂದಳು. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಇಷ್ಟು ಸೇರಿಸಿದಳು:

"ಆದ್ರೆ ಅವನು ಕೊಟ್ಟ ಅಂತ ಹೋಗಲ್ಲ ಕಣೋ. ಅದೊಂದು ನೋಡ್ಕೋ."

ಎರಡು ದಿನ ಕಳೆದು, ಬೆಳಿಗ್ಗೆ ಬಿಸಿನೀರು ಕೇಳಿದವಳು, ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಕಿಡಿಯಪ್ಪ ಲೋಟ ಹಿಡಿದುಕೊಂಡು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದ. ಅಪ್ಪ ಅಮ್ಮನ ನಂತರ ಅವನಿಗೆ ಉಣ್ಣಿಸಿದ ಕೈ ಅದು. ದೇವರು ಕೊಟ್ಟದ್ದನ್ನು ದೇವರು ಕರೆದುಕೊಂಡ. ಅದಕ್ಕೆ ಅಳಬಹುದು, ಜಗಳ ಮಾಡುವಂತಿಲ್ಲ. ಜಗಳವಿದ್ದದ್ದು ಬೇರೆಯವರ ಜೊತೆ, ಅವರು ಎರಡು ಗಂಟೆಯೊಳಗೆ ಬಂದರು.

ಮುಂದೆ ಧಣಿಯ ಬಿಳಿ ಕಾರು. ಹಿಂದೆ ಕಂಪನಿಯ ಹೊಸ ಜೀಪು, ಅದರ ಹಿಂದೆ ಹೂವಿನಲ್ಲಿ ಮುಚ್ಚಿದ ಬಂಡಿ. ಇಬ್ಬರು ಫೋಟೋದವರು. ಕೇರಿಯ ದೂಳಿಗೆ ಹೆದರಿ ಧಣಿ ಕಾರಿನ ಗಾಜು ಇಳಿಸಲಿಲ್ಲ. ಒಳಗಿನಿಂದಲೇ ಕೈಮುಗಿದ. ತನ್ನ ಗಣಿಯ ದೂಳು ಬೇರೆಯವರ ಎದೆಗೆ ಒಳ್ಳೆಯದು, ತನ್ನ ಮೂಗಿಗೆ ಆಗದು.

ಕೇರಿಯವರೆಲ್ಲ ಅಕ್ಕನ ಮನೆಯ ಮುಂದೆ ನೆರೆದಿದ್ದರು. ಅಂದು ಯಾರೂ ಊಟದ ಬಿಡುವಿಗೆ ಕಾದಿರಲಿಲ್ಲ. ಕೆಲಸಕ್ಕೆ ಕರೆಯುವ ಸೈರನ್ ಎರಡು ಸಲ ಕೂಗಿ ಸುಮ್ಮನಾಗಿತ್ತು. ಕಿಡಿಯಪ್ಪ ಬಂಡಿಯ ಹತ್ತಿರ ಹೋಗಿ ಒಂದು ಮಗ್ಗುಲಿನ ಹೂವು ಸರಿಸಿದ. ಬಿಳಿ ಬಣ್ಣದ ಅಡಿಯಲ್ಲಿ ತನ್ನ ಬೆಸುಗೆಯನ್ನು ಅಂಗೈಯಿಂದ ಮುಟ್ಟಿ ನೋಡಿದ. ಹೆಂಡತಿ ಸತ್ತ ಮೇಲೆ ಅವನು ಇಷ್ಟು ಪ್ರೀತಿಯಿಂದ ಮುಟ್ಟಿದ್ದು ಆ ಕಬ್ಬಿಣವನ್ನು ಮಾತ್ರ.

ಮ್ಯಾನೇಜರ್ ಒಂದು ರಿಜಿಸ್ಟರ್ ಬಿಚ್ಚಿ ಮುಂದೆ ಹಿಡಿದ. ಮೃತರ ಹೆಸರು, ಸಂಬಂಧಿಯ ಹೆಸರು. ಅದರ ಕೆಳಗೆ, ಕಂಪನಿಯ ಉಚಿತ ವಾಹನವನ್ನು ಕೃತಜ್ಞತೆಯಿಂದ ಪಡೆದಿದ್ದೇನೆ ಎಂಬ ಅಚ್ಚಾದ ಸಾಲು. ಅದರ ಮುಂದೆ ಸಹಿಗೆ ಜಾಗ.

"ಇಲ್ಲಿ ಒಂದು ಸಹಿ," ಎಂದ ಮ್ಯಾನೇಜರ್. "ಆಮೇಲೆ ಧಣಿ ಇಳಿದು ಬಂದು ಹಾರ ಹಾಕ್ತಾರೆ. ನೀನು ಪಕ್ಕದಲ್ಲಿ ನಿಂತ್ಕೋ."

ಕಿಡಿಯಪ್ಪ ರಿಜಿಸ್ಟರನ್ನು ಕೈಗೆ ತೆಗೆದುಕೊಂಡ. ಅವನಿಗೆ ಓದು ನಿಧಾನ. ಒಂದೊಂದೇ ಸಾಲನ್ನು ಬೆರಳಿಟ್ಟು ಓದಿದ. ಪುಟ ತಿರುವಿದ. ಹಿಂದಿನ ಪುಟವನ್ನೂ ನೋಡಿದ.

"ಕಟ್ಟಿದವನು ಅಂತ ಎಲ್ಲಿದೆ ಜಾಗ?" ಎಂದು ಕೇಳಿದ. "ಅಲ್ಲಿ ಹಾಕ್ತೀನಿ."

"ಹಾಗೊಂದು ಜಾಗ ಇಲ್ಲ."

"ಹಾಗಾದ್ರೆ ನಾನು ಸಹಿ ಹಾಕೋದು ಏನೂ ಇಲ್ಲ."

ರಿಜಿಸ್ಟರನ್ನು ಮಡಿಸಿ ಮರ್ಯಾದೆಯಿಂದ ಹಿಂದಕ್ಕೆ ಕೊಟ್ಟ. ಆಮೇಲೆ ಬಗ್ಗಿ ಜೀಪಿನ ಕೊಂಡಿಯ ಪಿನ್ನು ಎಳೆದ. ಬಂಡಿಯ ಮೂತಿ ಜೀಪಿನಿಂದ ಕಳಚಿ ಅವನ ಕೈಗೆ ಬಂತು.

"ಜೀಪು ನಿಮ್ಮದು. ತಗೊಂಡು ಹೋಗಿ."

ಮ್ಯಾನೇಜರ್ ಒಂದು ಗಳಿಗೆ ಫೋಟೋದವರ ಕಡೆ ನೋಡಿದ, ಒಂದು ಗಳಿಗೆ ಕಾರಿನ ಕಡೆ. ಗಾಜು ಎರಡು ಬೆರಳಷ್ಟು ಇಳಿದು ಮತ್ತೆ ಏರಿತು. ಇದು ಕಳ್ಳತನವಾಗುತ್ತದೆ, ಬಂಡಿ ಕಂಪನಿಯ ಹೆಸರಿನಲ್ಲಿದೆ, ಪುಸ್ತಕ ಇದೆ, ಪೊಲೀಸರಿಗೆ ಹೇಳಿ ಒಬ್ಬೊಬ್ಬರ ಹೆಸರೂ ಬರೆಸುತ್ತೇನೆ ಎಂದ.

ಆಗ ಸುತ್ತಿಗೆ ಅತ್ತಿಗೆ ಮುಂದೆ ಬಂದಳು. ಕಲ್ಲು ಒಡೆಯುವ ಹೆಂಗಸು, ಸುತ್ತಿಗೆ ಕೈಬಿಟ್ಟದ್ದನ್ನು ಯಾರೂ ಕಂಡವರಿಲ್ಲ, ಅದಕ್ಕೇ ಆ ಹೆಸರು. ಅವಳ ಐದು ಮಕ್ಕಳೂ ಅಕ್ಕನ ಕೈಯಲ್ಲಿ ಹುಟ್ಟಿದವು.

"ಬರೆಸಿ ಸ್ವಾಮಿ," ಎಂದಳು ಮೆಲ್ಲಗೆ. "ನಿಧಾನವಾಗಿ ಹೇಳ್ತೀವಿ, ನಿಧಾನವಾಗಿ ಬರ್ಕೊಳ್ಳಿ. ಗಂಡಸರದು ಆದ ಮೇಲೆ ಹೆಂಗಸರದು. ಕಾಗದ ಸಾಕಾಗುತ್ತೋ ಇಲ್ವೋ ಮೊದಲೇ ನೋಡ್ಕೊಳ್ಳಿ."

ಯಾರೋ ನಕ್ಕರು. ಸಾವಿನ ಮನೆಯ ಮುಂದೆ ನಗಬಾರದು. ಆದರೆ ಆ ನಗು ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಮ್ಯಾನೇಜರ್ ತೆರೆದ ಪೆನ್ನನ್ನು ಮುಚ್ಚಿ ಜೇಬಿಗೆ ಇಟ್ಟ. ಹೆಂಗಸರು ಒಳಗೆ ಹೋಗಿ ಅಕ್ಕನನ್ನು ಎತ್ತಿ ತಂದು, ಧಣಿಯ ಹೂವುಗಳನ್ನು ಕೆಳಗೆ ಸುರಿದು, ಹಲಗೆಯ ಮೇಲೆ ಮಲಗಿಸಿದರು. ಮಗ್ಗುಲಲ್ಲಿದ್ದ ಹೆಸರು ಕಾಣದ ಹಾಗೆ ಸುತ್ತಿಗೆ ಅತ್ತಿಗೆ ತನ್ನ ಮನೆಯ ಹೊದಿಕೆ ತಂದು ಇಳಿಬಿಟ್ಟಳು. ಟಿಪ್ಪರಿನ ಡ್ರೈವರ್ ಬಂದು ಮೂತಿಯ ಒಂದು ಕಡೆ ಹಿಡಿದ. ಇನ್ನೊಂದು ಕಡೆ ಕಿಡಿಯಪ್ಪ. ಉಳಿದವರು ಹಿಂದಿನಿಂದ ಕೈ ಕೊಟ್ಟರು.

ಎಂಟು ಮೈಲಿಯನ್ನೂ ಕೈಯಲ್ಲೇ ಎಳೆದರು. ಗಣಿಯ ಮುಂದೆ ಹಾದಾಗ ಒಳಗಿದ್ದ ಬೇರೆ ಊರಿನ ಕೂಲಿಯವರೂ ಸುತ್ತಿಗೆ ಕೆಳಗಿಟ್ಟು ಬಂದು ಸೇರಿಕೊಂಡರು. ಹೆದ್ದಾರಿಯಲ್ಲಿ ಪೊಲೀಸರು ಅಡ್ಡ ಬಂದರು. ಮುಂದೆ ಹೆಣ, ಹಿಂದೆ ಮುನ್ನೂರು ಜನ. ಪೊಲೀಸರು ಟೋಪಿ ತೆಗೆದು ಪಕ್ಕಕ್ಕೆ ಸರಿದರು. ಮಸಣದಲ್ಲಿ ಅಕ್ಕನನ್ನು ನಾಲ್ಕು ಜನ ಹೆಂಗಸರು ಮಗುವನ್ನು ಇಳಿಸುವಂತೆ ಇಳಿಸಿದರು. ಡ್ರೈವರ್ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಕಿಡಿಯಪ್ಪ ಅವನ ಪಕ್ಕಕ್ಕೆ ಹೋಗಿ, ಆ ಕೈಗಳನ್ನು ಬಿಡಿಸಿ, ಮಣ್ಣು ಹಾಕಲು ಹೇಳಿದ.

ಮರುದಿನ ಧಣಿಯ ಪುಸ್ತಕ ಹಿಡಿದು ಪೊಲೀಸರು ಕೇರಿಗೆ ಬಂದರು. ಬಂಡಿ ಇರಲಿಲ್ಲ. ಇಟ್ಟಿಗೆ ಗೂಡಿನ ಕೇರಿಯಲ್ಲಿ ಒಬ್ಬ ಹೆಂಗಸು ತೀರಿಕೊಂಡಿದ್ದಳು, ಅಲ್ಲಿಯವರು ಬಂದು ಎಳೆದುಕೊಂಡು ಹೋಗಿದ್ದರು. ಪೊಲೀಸರು ಅಲ್ಲಿಗೆ ಹೋದರು. ಬಂಡಿಯ ಮೇಲೆ ಹೆಣವಿತ್ತು. ಸತ್ತವಳನ್ನು ಕೆಳಗಿಳಿಸಿ ಎನ್ನಲು ಯಾರಿಗೂ ಬಾಯಿ ಬರಲಿಲ್ಲ, ಹಿಂತಿರುಗಿದರು. ಮೂರನೆಯ ದಿನ ಹೋದಾಗ ಅದು ಚರ್ಮದ ಕಾರ್ಖಾನೆಯ ಹಿಂದಿನ ಕೇರಿಯಲ್ಲಿತ್ತು. ಅಲ್ಲಿ ಒಂದೇ ಮನೆಯಲ್ಲಿ ಇಬ್ಬರು. ಆಮೇಲೆ ಚರಂಡಿಯವರ ಕೇರಿ, ಆಮೇಲೆ ಮತ್ತೆ ಗಣಿಯ ಕೇರಿ. ಪುಸ್ತಕ ಪೊಲೀಸರ ಕೈಯಲ್ಲಿದೆ, ಬಂಡಿ ಜನರ ಕೈಯಲ್ಲಿದೆ. ಧಣಿ ದಿನವೂ ಫೋನು ಮಾಡಿ, ಇನ್ನೂ ಹಿಡಿಯಲಿಲ್ಲವೇ ಎಂದು ಕೇಳುತ್ತಾನೆ.

ಕೊನೆಗೆ ಠಾಣೆಯ ದೊಡ್ಡವರು ಕಿಡಿಯಪ್ಪನನ್ನು ಕರೆಸಿ, ಬಂಡಿ ಒಪ್ಪಿಸು, ಮಾತು ಬೆಳೆಸಬೇಡ ಎಂದರು.

"ಒಪ್ಪಿಸ್ತೀನಿ ಸ್ವಾಮಿ," ಎಂದ ಕಿಡಿಯಪ್ಪ. "ಅದು ಖಾಲಿ ಇರೋ ದಿನ ಬನ್ನಿ."

ಆ ದಿನ ಇನ್ನೂ ಬಂದಿಲ್ಲ.